ಹಿಂದಿನ ಗಾಲಿ

ಹೊಸ ಟೈರಿನ ಮೈಮೇಲೆ ಕೂದಲಿರುತ್ತವೆ. ಅಂಗಡಿಯಿಂದ ತಂದ ದಿನವೇ ಅವನ್ನು ನೋಡಬೇಕು. ನಾಲ್ಕು ದಿನ ಓಡಿಸಿದರೆ ನೆಲ ಮುಟ್ಟುವ ಕಡೆಯವು ಸವೆದುಹೋಗುತ್ತವೆ, ಪಕ್ಕೆಯವು ಮಾತ್ರ ಒಂದಷ್ಟು ಕಾಲ ಉಳಿಯುತ್ತವೆ. ಕಾರ್ಖಾನೆಯಲ್ಲಿ ಹಸಿ ರಬ್ಬರನ್ನು ಅಚ್ಚಿನೊಳಗಿಟ್ಟು ಒತ್ತಿ ಬೇಯಿಸುವಾಗ ನಡುವೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಲೆಂದು ಅಚ್ಚಿಗೆ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಗಾಳಿ ಹೋದ ದಾರಿಯಲ್ಲೇ ಚೂರು ರಬ್ಬರೂ ನುಗ್ಗಿ ಎಳೆಯಾಗಿ ನಿಲ್ಲುತ್ತದೆ. ಹಂಪಸಾಗರದ ನಮ್ಮ ಮನೆಯಂಗಳದ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ, ಹಗರಿಬೊಮ್ಮನಹಳ್ಳಿಯಿಂದ ತಂದ ಹೊಸ ಟೈರನ್ನು ಅದರ ಮೇಲೆ ಮಲಗಿಸಿ, ಆ ಕೂದಲ ಮೇಲೆ ಅಂಗೈ ಆಡಿಸಿದೆ. ಎಳೆಗರುವಿನ ಮೂತಿ ಸವರಿದ ಹಾಗಿತ್ತು.

ಇಪ್ಪತ್ತು ವರ್ಷದಿಂದ ಬೈಕು ಓಡಿಸುತ್ತಿದ್ದೇನೆ. ಅಷ್ಟೂ ವರ್ಷ ಟೈರು ಬದಲಿಸಿದ ಕೈ ಬೇರೆಯವರದು. ಪಂಚರ್ ಅಂಗಡಿಯ ಬೆಂಚಿನ ಮೇಲೆ ಕೂತು, ಚಹಾ ಕುಡಿಯುತ್ತ, ಆ ಹುಡುಗರು ಎರಡು ಕಬ್ಬಿಣದ ಪಟ್ಟಿ ಹಾಕಿ ಹತ್ತು ನಿಮಿಷದಲ್ಲಿ ಟೈರು ಸುಲಿದು ತೆಗೆಯುವುದನ್ನು ನೋಡಿದ್ದೇನೆ. ನೋಡಿ ನೋಡಿ ಕಣ್ಣಿಗೆ ಅದು ಸಲೀಸಾಗಿತ್ತು. ಕೈಗೆ ಗೊತ್ತಿರಲಿಲ್ಲ. ಈ ಏಪ್ರಿಲ್‌ನಲ್ಲಿ ಹಿಂದಿನ ಟೈರಿನ ನಡುಭಾಗ ಹಪ್ಪಳದಂತೆ ಸಪಾಟಾಗಿ, ಪಕ್ಕೆಯಲ್ಲಿ ಟಿ.ಡಬ್ಲ್ಯು.ಐ. ಅಂತ ಬರೆದ ಗುರುತಿನ ನೇರಕ್ಕೆ ಇರುವ ಸವಕಳಿಯ ದಿಣ್ಣೆ ನೆಲಕ್ಕೆ ತಾಗತೊಡಗಿದಾಗ, ಈ ಸಲ ನಾನೇ ಹಾಕುತ್ತೇನೆ ಎಂದು ಮನಸ್ಸು ಮಾಡಿದೆ. ಎರಡು ಟೈರ್ ಪಟ್ಟಿ, ಒಂದು ಕಾಲ್ಪಂಪು, ಹವಾ ನೋಡುವ ಗೇಜು ಕೊಂಡೆ. ಉಳಿದ ಪಾನಾಗಳು ಮನೆಯಲ್ಲೇ ಇದ್ದವು.

ಟೈರಿನ ಪಕ್ಕೆಯನ್ನು ನಾವು ಯಾರೂ ಓದುವುದಿಲ್ಲ. ನಮ್ಮ ಸೀಮೆಯಲ್ಲಿ ಶಾಸನಗಳಿಗೆ ಬರವಿಲ್ಲ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಗೆ ಹೋದರೆ ರಾಷ್ಟ್ರಕೂಟರ, ಚಾಲುಕ್ಯರ ಕಾಲದ ಹಳಗನ್ನಡ ಅಕ್ಷರಗಳನ್ನು ಬೆರಳಲ್ಲಿ ಮುಟ್ಟಿ ನೋಡಿ ಬರುತ್ತೇವೆ. ಟೈರಿನ ಪಕ್ಕೆಯೂ ಶಾಸನವೇ. 2.75-18 ಎಂದರೆ ಅಗಲ ಎರಡು ಮುಕ್ಕಾಲು ಇಂಚು, ಕೂರುವ ರಿಮ್ಮು ಹದಿನೆಂಟು ಇಂಚಿನದು. 48ಪಿ ಎಂದಿದ್ದರೆ 48ಕ್ಕೆ 180 ಕೆ.ಜಿ. ಹೊರುವ ತಾಕತ್ತು, ಪಿ ಅಕ್ಷರಕ್ಕೆ ಗಂಟೆಗೆ 150 ಕಿಲೋಮೀಟರ್ ವೇಗದ ಮಿತಿ. ಒಂದು ಬಾಣದ ಗುರುತು, ಗಾಲಿ ಯಾವ ಕಡೆ ಉರುಳಬೇಕು ಎಂದು ಹೇಳುವುದು. ಮತ್ತೊಂದು ಮೂಲೆಯಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ: ಮೊದಲೆರಡು ವಾರ, ಕೊನೆಯೆರಡು ವರ್ಷ. 1824 ಎಂದಿದ್ದರೆ 2024ರ ಹದಿನೆಂಟನೆಯ ವಾರ ಹುಟ್ಟಿದ ಟೈರು. ದಾನ ಕೊಟ್ಟ ತಿಥಿ ವಾರ ಬರೆಸಿದವರ ಕ್ರಮವೇ ಇಲ್ಲಿಯೂ ಇದೆ. ಅಂಗಡಿಯಲ್ಲಿ ಟೈರು ಕೊಳ್ಳುವವರು ಬೆಲೆ ಕೇಳುವ ಮೊದಲು ಆ ನಾಲ್ಕು ಅಂಕಿ ಓದಬೇಕು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ರಬ್ಬರು ಓಡದೆಯೂ ಮುದಿಯಾಗುತ್ತದೆ.

ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ ಕೆಲಸಕ್ಕೆ ಕೂತೆ. ನನ್ನದು ಹಳೆಯ ಸ್ಪ್ಲೆಂಡರ್, ತಂತಿಯ ಗಾಲಿ, ಟ್ಯೂಬಿನ ಟೈರು. ನಮ್ಮ ಭಾಗದಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ, ಹಡಗಲಿ ಕಡೆಯ ಮಲ್ಲಿಗೆ ಬುಟ್ಟಿ, ಗೊಬ್ಬರದ ಚೀಲ, ಮಕ್ಕಳು ಮರಿ ಎಲ್ಲವನ್ನೂ ಹೊರುವುದು ಇಂಥ ಗಾಡಿಗಳೇ. ಬ್ರೇಕ್ ರಾಡಿನ ತುದಿಯ ನಟ್ಟು ತಿರುಗಿಸಿ ತೆಗೆದೆ, ಸ್ಪ್ರಿಂಗು ಜಾರಿ ಕೈಗೆ ಬಂತು. ಬ್ರೇಕ್ ತಟ್ಟೆಯನ್ನು ಹಿಡಿದಿದ್ದ ಪಟ್ಟಿ ಬಿಚ್ಚಿದೆ. ಆಮೇಲೆ ಅಚ್ಚಿನ ನಟ್ಟು. ಅಚ್ಚನ್ನು ಎಡಕ್ಕೂ ಬಲಕ್ಕೂ ಅಲುಗಿಸುತ್ತ ಎಳೆದಾಗ ಅದು ಗ್ರೀಸು ಮೆತ್ತಿಕೊಂಡು, ಎಣ್ಣೆಯಲ್ಲಿ ಅದ್ದಿದ ಕೋಲಿನಂತೆ ನುಣ್ಣಗೆ ಹೊರಬಂತು. ಬಂಡಿಯ ಕಾಲದಲ್ಲಿ ಇದೇ ಜಾಗಕ್ಕೆ ಕೀಲೆಣ್ಣೆ ಹಚ್ಚುತ್ತಿದ್ದರು.

ಈ ಗಾಲಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಏರ್ಪಾಡಿದೆ. ಅಚ್ಚು ಎಳೆದು, ಬಲಗಡೆಯ ಕಾಲರ್ ತೆಗೆದರೆ ಗಾಲಿ ತುಸು ಬಲಕ್ಕೆ ಸರಿಯಲು ಜಾಗವಾಗುತ್ತದೆ. ಹಾಗೆ ಸರಿಸಿದ ಕೂಡಲೇ ಚೈನು, ಅದು ಸುತ್ತಿದ ಹಲ್ಲಿನ ಚಕ್ರ ಎರಡೂ ಗಾಡಿಯಲ್ಲೇ ಉಳಿದು, ಗಾಲಿ ಮಾತ್ರ ಕಳಚಿ ಕೈಗೆ ಬರುತ್ತದೆ. ಚೈನು ಬಿಚ್ಚುವ ತಾಪತ್ರಯವೇ ಇಲ್ಲ. ಹಲ್ಲಿನ ಚಕ್ರಕ್ಕೂ ಗಾಲಿಗೂ ನಡುವೆ ಇರುವುದು ದಪ್ಪನೆಯ ರಬ್ಬರ್ ತುಂಡುಗಳು ಅಷ್ಟೇ, ಮೆಕ್ಯಾನಿಕ್‌ಗಳು ಹಬ್ ರಬ್ಬರ್ ಎನ್ನುತ್ತಾರೆ. ಇಂಜಿನ್ನಿನ ಎಳೆತ ಒಮ್ಮೆಲೇ ಗಾಲಿಗೆ ಬಡಿಯದೆ ಈ ರಬ್ಬರಿನ ಮೂಲಕ ಹಾದು ಮೆತ್ತಗಾಗುತ್ತದೆ. ಗೇರು ಹಾಕಿದಾಗ ಗಾಡಿ ಜಗ್ಗದೆ ಹೊರಡುವುದರ ಹಿಂದೆ ಈ ಕಾಣದ ತುಂಡುಗಳಿವೆ. ಇಪ್ಪತ್ತು ವರ್ಷ ಇವುಗಳ ಮೇಲೆ ಕೂತು ತಿರುಗಿದವನು ಅಂದು ಮೊದಲ ಸಲ ಅವುಗಳ ಮುಖ ನೋಡಿದೆ. ಒರೆಸಿ, ಇದ್ದ ಜಾಗದಲ್ಲೇ ಕೂರಿಸಿದೆ.

ದೊಡ್ಡಪ್ಪ ಅಷ್ಟರಲ್ಲಿ ಕಟ್ಟೆಯ ಮೇಲೆ ಬಂದು ಕೂತಿದ್ದ. ಅವನಿಗೆ ಬೈಕು ಓಡಿಸಲು ಬರುವುದಿಲ್ಲ. ಎತ್ತಿನ ಬಂಡಿ ಕಟ್ಟಿ ಬೆಳೆದವನು. “ಏನಪಾ, ಅಂಗಡಿಗಿ ಒಯ್ಯಲಿಲ್ಲೇನು?” ಎಂದ. “ಇಲ್ಲ ದೊಡ್ಡಪ್ಪಾ, ಇವತ್ತು ನಾನ ಹಾಕ್ತೀನಿ” ಎಂದೆ. ಅವನು ಮತ್ತೇನೂ ಕೇಳದೆ ಎಲೆ ಅಡಿಕೆ ಚೀಲ ಬಿಚ್ಚಿದ. ನೋಡಲು ತಯಾರಾದ ಮನುಷ್ಯನ ಕೂರುವ ರೀತಿಯೇ ಬೇರೆ.

ಹಳೆಯ ಟೈರನ್ನು ರಿಮ್ಮಿನಿಂದ ಬಿಡಿಸುವುದು ಬಲದ ಕೆಲಸ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹವಾ ತುಂಬುವ ಮೌತಿನ ಒಳಗಿನ ಪಿನ್ನು ತೆಗೆದು ಹವಾ ಪೂರಾ ಬಿಟ್ಟೆ. ವರ್ಷಗಟ್ಟಲೆ ಕಚ್ಚಿ ಕೂತ ಅಂಚನ್ನು ತುಳಿದು ತುಳಿದು ಬಿಡಿಸಿದೆ, ಪಟ್ಟಿ ಹಾಕಿ ಒಂದು ಪಕ್ಕ ಕಳಚಿದೆ, ಟ್ಯೂಬು ಎಳೆದು ತೆಗೆದೆ.

ಆಮೇಲೆ ಮಾಡಿದ ಒಂದು ಕೆಲಸ ಹೇಳಲೇಬೇಕು. ಟೈರು ಬದಲಿಸುವುದೇ ಇದ್ದರೂ ಹಳೆಯ ಟೈರಿನ ಒಳಮೈಯನ್ನು ಒಮ್ಮೆ ನೋಡಬೇಕೆನಿಸಿತು, ಹಿಂದಿನ ವಾರದಿಂದ ಹವಾ ನಿಧಾನಕ್ಕೆ ಇಳಿಯುತ್ತಿತ್ತು. ಬರಿಗೈ ಆಡಿಸಿದರೆ ಬೆರಳು ಕೊಯ್ಯಬಹುದು. ಮನೆಯಲ್ಲಿದ್ದ ಹತ್ತಿಯ ಉಂಡೆ ತಗೊಂಡು ಒಳಗೆಲ್ಲ ಮೆಲ್ಲಗೆ ಸವರುತ್ತ ಹೋದೆ. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಕಣ್ಣಿಟ್ಟು ನೋಡಿದರೆ ಜೋಳದ ಕಾಳಿನ ಮೊಳಕೆಯಷ್ಟೇ ಉದ್ದದ ಕಂದು ಮೊನೆ. ಪಕ್ಕಡಿನಲ್ಲಿ ಹಿಡಿದು ಎಳೆದೆ: ಬಳ್ಳಾರಿ ಜಾಲಿಯ ಮುಳ್ಳು. ಹೊರಗಿನ ಭಾಗ ಯಾವಾಗಲೋ ಮುರಿದು ಹೋಗಿ, ಮೊನೆ ಮಾತ್ರ ರಬ್ಬರಿನೊಳಗೆ ಓರೆಯಾಗಿ ಹೂತು ಕೂತು, ಗಾಲಿ ಒಂದೊಂದು ಸುತ್ತು ಸುತ್ತಿದಾಗಲೂ ಟ್ಯೂಬನ್ನು ಚುಚ್ಚುತ್ತಿತ್ತು. ಟ್ಯೂಬಿಗೆ ಎಷ್ಟು ಪಂಚರ್ ಹಾಕಿಸಿದರೂ ಮತ್ತೆ ಮತ್ತೆ ಅದೇ ಜಾಗದಲ್ಲಿ ಹೋಗುತ್ತದೆ ಎನ್ನುವವರು ಮುಳ್ಳಿನ ಈ ಉಳಿಕೆಯನ್ನು ಹುಡುಕಬೇಕು. ಜಾಲಿಯ ಈ ಜಾತಿ ಅಮೆರಿಕ ಖಂಡದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದದ್ದು. ಕನ್ನಡಿಗರು ಅದಕ್ಕೆ ಕೊಟ್ಟ ಹೆಸರು ಮಾತ್ರ ನಮ್ಮ ಹಳೆಯ ಜಿಲ್ಲೆಯದು. 2021ರಿಂದ ನಾವು ವಿಜಯನಗರ ಜಿಲ್ಲೆಯವರು, ಮುಳ್ಳು ಈಗಲೂ ಬಳ್ಳಾರಿಯದೇ.

ಟೈರು ಕಳಚಿದ ರಿಮ್ಮನ್ನು ಅಂಗಳದ ಬಿಸಿಲಿಗೆ ಹಿಡಿದು ನೋಡಿದೆ. ಈ ಬರಹ ಬರೆಯುತ್ತಿರುವುದೇ ಆ ನೋಟಕ್ಕಾಗಿ.

ರಿಮ್ಮಿನ ಒಳಮೈ ಸಪಾಟಾಗಿರುವುದಿಲ್ಲ. ಎರಡು ಪಕ್ಕಕ್ಕೆ ಎತ್ತರದ ಅಂಚು, ಅಂಚಿನ ಬುಡದಲ್ಲಿ ಟೈರು ಕೂರುವ ಕಿರಿದಾದ ಜಗಲಿ, ನಡುವೆ ಸುತ್ತಲೂ ಒಂದು ತಗ್ಗು. ಹೊಲದ ಎರಡು ಬದುವಿನ ನಡುವಿನ ಕಾಲುವೆ ಅನ್ನಿ. ಆ ತಗ್ಗಿನಲ್ಲಿ ತಂತಿಗಳ ತಲೆಗಳು ಸಾಲಾಗಿ ಕಾಣುತ್ತವೆ, ಅವು ಟ್ಯೂಬಿಗೆ ಚುಚ್ಚದಿರಲೆಂದು ಮೇಲೊಂದು ರಬ್ಬರಿನ ಪಟ್ಟಿ. ಇಷ್ಟು ವರ್ಷ ಆ ತಗ್ಗು ತಂತಿಗಳಿಗಾಗಿ ಇದೆ ಎಂದುಕೊಂಡಿದ್ದೆ. ಅದು ಇರುವುದು ಟೈರಿಗಾಗಿ.

ಟೈರಿನ ಎರಡೂ ಅಂಚಿನೊಳಗೆ ಉಕ್ಕಿನ ತಂತಿಯ ಬಳೆ ಇರುತ್ತದೆ. ಅದಕ್ಕೆ ಬೀಡು ಎನ್ನುತ್ತಾರೆ. ರಬ್ಬರು ಹಿಗ್ಗಬಹುದು, ಈ ಬಳೆ ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ. ಹಿಗ್ಗಿದರೆ ಟೈರು ಓಡುವಾಗ ಕಳಚಿಬಿಡುತ್ತದೆ. ಹಿಗ್ಗದ ಬಳೆಯನ್ನು ಅದಕ್ಕಿಂತ ದೊಡ್ಡದಾದ ರಿಮ್ಮಿನ ಅಂಚನ್ನು ದಾಟಿಸಿ ಒಳಗೆ ಕೂರಿಸಬೇಕು. ಬಳೆಗಾರ್ತಿ ಕೈ ಒತ್ತಿ ಒತ್ತಿ ಗಾಜಿನ ಬಳೆ ಏರಿಸುವುದನ್ನು ನೋಡಿದವರಿಗೆ ಈ ಕಷ್ಟ ಅರ್ಥವಾಗುತ್ತದೆ. ಅಲ್ಲಿ ಕೈಯ ಮೂಳೆ ಸಂದುಗಳು ಮಣಿಯುತ್ತವೆ. ಇಲ್ಲಿ ಬಳೆಯೂ ಉಕ್ಕು, ಕೈಯೂ ಉಕ್ಕು.

ನಾನು ಮೊದಲ ಸಲ ಸೋತದ್ದು ಇಲ್ಲೇ. ಹೊಸ ಟೈರಿನ ಒಂದು ಪಕ್ಕ ಏರಿಸಿದ್ದೆ, ಅದು ಸೋಪಿನ ನೀರಿಗೆ ತಾನೇ ಜಾರಿ ಕೂತಿತ್ತು. ಹೊಸ ಟ್ಯೂಬಿಗೆ ಮನೆಯ ಮುಖದ ಪೌಡರನ್ನೇ ಬಳಿದು, ಮಡಿಕೆ ಬೀಳದಷ್ಟು ಮಾತ್ರ ಹವಾ ತುಂಬಿ ಒಳಗಿಟ್ಟಿದ್ದೆ. ಎರಡನೆಯ ಪಕ್ಕವೂ ಮುಕ್ಕಾಲು ಭಾಗ ಒಳಗೆ ಹೋಯಿತು. ಕೊನೆಯ ಒಂದು ಗೇಣು ಬರಲೇ ಇಲ್ಲ. ಪಟ್ಟಿ ಹಾಕಿ ಮೈಭಾರ ಎಲ್ಲ ಬಿಟ್ಟು ಎತ್ತಿದೆ. ಪಟ್ಟಿಯ ಮೊನೆ ಒಳಗೆಲ್ಲೋ ಮೆತ್ತಗಿನದಕ್ಕೆ ತಾಗಿದ್ದು ಕೈಗೆ ಗೊತ್ತಾಯಿತು. ಮರುಗಳಿಗೆ ಸುಯ್ ಎಂದು ಹವಾ ಹೋಯಿತು. ಬಿಚ್ಚಿ ನೋಡಿದರೆ ಹೊಸ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು. ಹಾವು ಕಚ್ಚಿದ ಗುರುತಿನ ಹಾಗೆ ಎರಡು ಹಲ್ಲು.

ಅದನ್ನು ಉಜ್ಜಿ, ಸೊಲ್ಯೂಷನ್ ಹಚ್ಚಿ, ಆರಲು ಬಿಟ್ಟು, ಪ್ಯಾಚು ಕೂರಿಸಿದೆ. ಸೊಲ್ಯೂಷನ್ ಹಸಿಯಿದ್ದಾಗಲೇ ಅಂಟಿಸಿದರೆ ಹಿಡಿಯುವುದಿಲ್ಲ, ಬೆರಳಿಗೆ ಅಂಟದಷ್ಟು ಒಣಗಬೇಕು. ಆ ಹೊತ್ತಿನಲ್ಲಿ ದೊಡ್ಡಪ್ಪ ಇಳಿದು ಬಂದು ರಿಮ್ಮಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಬೆರಳು ಹಾಕಿ ಆ ತಗ್ಗನ್ನು ಸುತ್ತಲೂ ಸವರಿದ. ಕೇಳಿದ್ದು ಒಂದೇ ಮಾತು.

“ತಮ್ಮಾ, ಈ ತಗ್ಗು ಯಾಕ ಇಟ್ಟಾರ?”

ನಾನು ತಂತಿಯ ಮಾತು ಹೇಳಿದೆ. ಅವನು ತಲೆ ಅಲ್ಲಾಡಿಸಿದ. “ನೀ ಈ ಕಡೀಗೆ ಎತ್ತಾಕತ್ತಿದ್ದಾಗ ಆ ಕಡಿ ಟೈರು ಮ್ಯಾಲ ಕುಂತಿತ್ತು ನೋಡು. ಅದನ್ನ ತಗ್ಗಿನಾಗ ಇಳಸು. ಅಲ್ಲಿ ಇಳದಷ್ಟು ಇಲ್ಲಿ ಸಡ್ಲ ಆಕ್ಕತಿ.”

ಟೈರಿನ ಮಾತು ಅಷ್ಟೂ ಅದರಲ್ಲಿತ್ತು. ನಾನು ಬಿಗಿ ಕಂಡ ಜಾಗದಲ್ಲಿ ಜಗ್ಗಾಡುತ್ತಿದ್ದೆ. ಸಡಿಲು ಇದ್ದದ್ದು ಎದುರು ದಡದಲ್ಲಿ. ಆ ಕಡೆಯ ಬೀಡು ಜಗಲಿ ಬಿಟ್ಟು ನಡುವಿನ ತಗ್ಗಿಗೆ ಇಳಿದರೆ ಬಳೆಯೇ ಅತ್ತ ಸರಿಯುತ್ತದೆ, ಈ ಕಡೆ ಅಂಚು ದಾಟಲು ಬೇಕಾದಷ್ಟು ಜಾಗ ಮಿಗುತ್ತದೆ. ಬಳೆ ಹಿಗ್ಗಬೇಕಾಗಿಲ್ಲ. ಎರಡು ಮೊಣಕಾಲೂ ಊರಿ ಎದುರು ಕಡೆಯ ಟೈರನ್ನು ತಗ್ಗಿಗೆ ಒತ್ತಿ ಹಿಡಿದೆ. ಪಟ್ಟಿಯನ್ನು ಒಮ್ಮೆಗೆ ಎರಡು ಬೆರಳಿನಷ್ಟೇ ಮುಂದಕ್ಕೆ ಸರಿಸುತ್ತ, ಮೌತಿನ ಕಡೆಗೇ ಕೊನೆ ಬರುವಂತೆ ಏರಿಸಿದೆ. ಮೌತು ಇರುವಲ್ಲಿ ತಗ್ಗು ತುಂಬಿರುತ್ತದೆ, ಬೀಡು ಅಲ್ಲಿ ಇಳಿಯಲಾರದು, ಆದ್ದರಿಂದ ಮೌತಿನ ಎದುರು ದಿಕ್ಕಿನಲ್ಲಿ ಶುರುಮಾಡಿ ಮೌತಿನಲ್ಲಿ ಮುಗಿಸಬೇಕು. ಕೊನೆಯ ಗೇಣು ಬಂದಾಗ ಮೌತನ್ನು ಬೆರಳಲ್ಲಿ ಒಳಗೆ ತಳ್ಳಿ, ಟ್ಯೂಬು ಬೀಡಿನಡಿ ಸಿಗದ ಹಾಗೆ ನೋಡಿಕೊಂಡು, ಪಟ್ಟಿ ಎತ್ತಿದೆ. ಬಾಗಿಲ ಚಿಲಕ ಬಿದ್ದಷ್ಟು ಸುಲಭಕ್ಕೆ ಟಪ್ ಎಂದು ಒಳಗೆ ಬಿತ್ತು. ಹಿಂದಿನ ಸಲ ನನ್ನ ಮೈಭಾರಕ್ಕೂ ಬಗ್ಗದಿದ್ದ ಅದೇ ಟೈರು, ಅದೇ ಪಟ್ಟಿ, ಅದೇ ಕೈ.

ಈ ತಗ್ಗು ರಿಮ್ಮಿಗೆ ಬಂದು ನೂರ ಮೂವತ್ತು ವರ್ಷಕ್ಕೂ ಹೆಚ್ಚಾಯಿತು. ಬೆಲ್‌ಫಾಸ್ಟಿನ ದನದ ವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಕಟ್ಟಿ, 1888ರಲ್ಲಿ ಪೇಟೆಂಟ್ ಪಡೆದ. ತನ್ನ ಅಂಗಳದಲ್ಲಿ ಹಳೆಯ ಗಾಲಿಯನ್ನೂ ಹೊಸದನ್ನೂ ಉರುಳಿಸಿ ನೋಡಿದ. ಹಳೆಯದು ನಡುವೆಯೇ ಮಗುಚಿತು, ಗಾಳಿಯದು ಅಂಗಳದ ಕೊನೆಯವರೆಗೂ ಹೋಗಿ ಗೇಟಿಗೆ ಬಡಿದು ಪುಟಿಯಿತು ಎಂದು ಹೇಳುತ್ತಾರೆ. ಅವನಿಗಿಂತ ನಾಲ್ಕು ದಶಕ ಮೊದಲೇ, 1845ರಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಇದೇ ಯೋಚನೆಗೆ ಪೇಟೆಂಟ್ ಪಡೆದಿದ್ದ, ಆದರೆ ಕಾಲ ಅದಕ್ಕೆ ಒದಗಲಿಲ್ಲ. ಡನ್‌ಲಪ್‌ನ ಟೈರು ಗಾಲಿಗೆ ಅಂಟಿಕೊಂಡೇ ಇರುತ್ತಿತ್ತು. ಪಂಚರಾದರೆ ಬಿಡಿಸುವುದು ಮೂರು ಗಂಟೆಯ ಕೆಲಸ, ಮತ್ತೆ ಅಂಟಿಸಿದ್ದು ಒಣಗಲು ಒಂದು ರಾತ್ರಿ. 1889ರಲ್ಲಿ ಫ್ರಾನ್ಸಿನ ಕ್ಲೆರ್ಮೊಂ ಫೆರಾಂ ಊರಿಗೆ ಅಂಥ ಸೈಕಲ್ಲೊಂದು ರಿಪೇರಿಗೆ ಬಂತು. ಎದುವಾರ್ ಮಿಶೆಲಿನ್ ಆ ಗೋಳು ನೋಡಿ ಬಿಚ್ಚಿ ಹಾಕಬಲ್ಲ ಟೈರು ಮಾಡಲು ಕೂತ, 1891ರಲ್ಲಿ ಮಾಡಿ ತೋರಿಸಿದ. ಅದೇ ವರ್ಷ ಪ್ಯಾರಿಸ್ಸಿನಿಂದ ಬ್ರೆಸ್ಟ್‌ಗೆ ಹೋಗಿ ಬರುವ ದೊಡ್ಡ ಸೈಕಲ್ ಪಂದ್ಯವನ್ನು ಆ ಟೈರಿನ ಮೇಲೆ ಶಾರ್ಲ್ ತೆರೋಂ ಗೆದ್ದ. ನನ್ನ ಅಂಗಳದಲ್ಲಿದ್ದ ಉಪಾಯ ಮಾತ್ರ ಇವರಿಬ್ಬರದೂ ಅಲ್ಲ. ಅಂಚಿಗೆ ಹಿಗ್ಗದ ತಂತಿ, ರಿಮ್ಮಿನ ನಡುವೆ ತಗ್ಗು ಎಂಬ ಜೋಡಿಗೆ 1890ರಲ್ಲಿ ಪೇಟೆಂಟ್ ಪಡೆದವನು ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬ ಇಂಗ್ಲಿಷ್ ಮನುಷ್ಯ. ಡನ್‌ಲಪ್ ಹೆಸರು ಟೈರಿನ ಮೇಲೆ ಉಳಿಯಿತು, ಮಿಶೆಲಿನ್ ಹೆಸರು ಉಳಿಯಿತು. ವೆಲ್ಚ್‌ನ ಹೆಸರು ಯಾವ ಟೈರಿನ ಮೇಲೂ ನಾನು ಕಂಡಿಲ್ಲ. ಆದರೂ ಇವತ್ತು ಹಂಪಸಾಗರದಿಂದ ಹೊಸಪೇಟೆಯವರೆಗೆ ಓಡುವ ಪ್ರತಿ ಬೈಕಿನ ರಿಮ್ಮಿನಲ್ಲೂ ಅವನ ತಗ್ಗು ಇದೆ. ಮೂವರಲ್ಲಿ ನನ್ನ ಮನಸ್ಸು ನಿಲ್ಲುವುದು ಅವನ ಮೇಲೆ.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಅವನು ಕೇಳಿಸಿಕೊಂಡು, ಹಿತ್ತಲ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ನಮ್ಮ ಹಳೆಯ ಬಂಡಿಯ ಗಾಲಿಯೊಂದು ಒರಗಿಕೊಂಡು ನಿಂತಿದೆ. ಆಳೆತ್ತರಕ್ಕೆ ತುಸು ಕಡಿಮೆ. ಮರ ಬೂದಿ ಬಣ್ಣಕ್ಕೆ ತಿರುಗಿದೆ, ಕಬ್ಬಿಣದ ಹಳಿ ಮಾತ್ರ ಇನ್ನೂ ಬಿಗಿಯಾಗಿ ಹಿಡಿದು ಕೂತಿದೆ. “ಅದಕ್ಕ ಹಳಿ ಹಾಕೋದು ನೀ ನೋಡಿಯೇನು?” ಎಂದ. ನಾನು ಹುಡುಗನಾಗಿದ್ದಾಗ ಒಮ್ಮೆ ನೋಡಿದ್ದೆ. ಮರೆತಿದ್ದೆ. ಅವನು ಹೇಳುತ್ತ ಹೋದ ಹಾಗೆ ಕಣ್ಣ ಮುಂದೆ ಬಂತು.

ಬಡಿಗೇರರು ಗುಂಬಕ್ಕೆ ಹನ್ನೆರಡು ಅರ ಕೂರಿಸಿ, ಸುತ್ತ ಆರು ಬಾಗು ತುಂಡು ಜೋಡಿಸಿ, ಒಂದೊಂದು ತುಂಡಿಗೆ ಎರಡೆರಡು ಅರದ ತುದಿ ಸಿಗಿಸಿ ಗಾಲಿ ಮಾಡಿಕೊಡುತ್ತಿದ್ದರು. ಆಗ ಅದು ಇನ್ನೂ ಸಡಿಲ, ಎತ್ತಿ ಅಲ್ಲಾಡಿಸಿದರೆ ಕಟಕಟ ಎನ್ನುತ್ತಿತ್ತು. ಕಮ್ಮಾರ ಗಾಲಿಯ ಸುತ್ತಳತೆ ತೆಗೆದು, ಹಳಿಯನ್ನು ಬೇಕೆಂತಲೇ ಅದಕ್ಕಿಂತ ಬೆರಳಷ್ಟು ಸಣ್ಣದಾಗಿ ಬೆಸೆಯುತ್ತಿದ್ದ. ಬಯಲಲ್ಲಿ ಹಳಿ ಮಲಗಿಸಿ, ಮೇಲೆ ಕೆಳಗೆ ಕುಳ್ಳು ಒಟ್ಟಿ ಬೆಂಕಿ ಇಡುತ್ತಿದ್ದರು. ಅದು ಕೆಂಪಗೆ ಕಾಯಬೇಕು. ಕಬ್ಬಿಣ ಪ್ರತಿ ಡಿಗ್ರಿ ಕಾವಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲಿನಷ್ಟು ಬೆಳೆಯುತ್ತದೆ. ಕೇಳಲು ಏನೂ ಅಲ್ಲ. ಆದರೆ ಐದಡಿ ಎತ್ತರದ ಗಾಲಿಯ ಹಳಿಯ ಸುತ್ತಳತೆ ಹದಿನೈದಡಿಗೂ ಹೆಚ್ಚು. ಐನೂರು ಡಿಗ್ರಿ ಕಾದರೆ ಒಂದಿಂಚು ಬೆಳೆಯುತ್ತದೆ. ಆ ಒಂದಿಂಚು ಸಾಕು. ನಾಲ್ಕು ಜನ ಇಕ್ಕಳ ಹಿಡಿದು ಕೆಂಡದಂಥ ಹಳಿಯನ್ನು ಎತ್ತಿ ತಂದು ಗಾಲಿಯ ಮೇಲೆ ಇಳಿಸಿ, ಸುತ್ತಿಗೆಯಿಂದ ತಟ್ಟಿ ಸರಿ ಕೂರಿಸುತ್ತಿದ್ದರು. ಮರ ಹೊತ್ತಿಕೊಂಡು ಹೊಗೆ ಏಳುತ್ತಿತ್ತು. ತಡಮಾಡದೆ ಕೊಡಗಟ್ಟಲೆ ನೀರು. ಸುಂಯ್ ಎಂದು ಆವಿ ಎದ್ದು ಯಾರಿಗೂ ಏನೂ ಕಾಣುತ್ತಿರಲಿಲ್ಲ. ಆವಿಯೊಳಗಿನಿಂದ ಲಟಲಟ ಎಂಬ ಸದ್ದು ಕೇಳುತ್ತಿತ್ತು. ತಣ್ಣಗಾಗುವ ಹಳಿ ಮುದುಡಿಕೊಳ್ಳುತ್ತ, ಅಷ್ಟೂ ಸಂದುಗಳನ್ನು ಒಳಕ್ಕೆ ಒತ್ತುವ ಸದ್ದು ಅದು. ಆವಿ ಚದುರಿದ ಮೇಲೆ ನೋಡಿದರೆ ಅದೇ ಗಾಲಿ ಈಗ ಒಂದೇ ಮರದಲ್ಲಿ ಕಡೆದಂತೆ ಗಟ್ಟಿ.

“ಆ ಸದ್ದು ಕೇಳಿದ ಮ್ಯಾಲ ಕಮ್ಮಾರ ಕುಂದ್ರತಿದ್ದ ನೋಡು. ಅಲ್ಲೀತನ ನಿಂತ ಇರ್ತಿದ್ದ” ಎಂದ ದೊಡ್ಡಪ್ಪ.

ನಮ್ಮೂರ ದಾರಿಗಳಲ್ಲಿ ಹಳಿಯ ಬಂಡಿ ಹೋಗಿ ಟೈರಿನ ಬಂಡಿ ಬಂತು. ಎರಡು ಹಳೆಯ ಲಾರಿ ಟೈರು, ಎತ್ತಿನ ಹೆಗಲಿಗೆ ಹಗುರ, ಎರೆ ಹೊಲದ ಕೆಸರಿನಲ್ಲಿ ಹೂಳುವುದು ಕಡಿಮೆ. ಅಂಥ ಟೈರುಗಳ ಮೇಲೆ ವಿಕ್ರಾಂತ್ ಎಂಬ ಹೆಸರು ಓದಿದ್ದು ನನಗೆ ನೆನಪಿದೆ, ಮೈಸೂರಿನಲ್ಲಿ ತಯಾರಾಗುತ್ತಿದ್ದ ನಮ್ಮದೇ ರಾಜ್ಯದ ಟೈರು. 1997ರಲ್ಲಿ ಆ ಕಾರ್ಖಾನೆ ಜೆ.ಕೆ. ಸಮೂಹದ ಕೈಗೆ ಹೋಯಿತು. ಟೈರಿನ ಬಂಡಿಯನ್ನು ನಾನು ಹಳಿಯುವುದಿಲ್ಲ. ಎತ್ತುಗಳ ಪುಣ್ಯ ಅದು. ಆದರೆ ಹಳಿ ಹಾಕುವ ದಿನ ಊರಿನ ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಹಾಗೆ ನಿಂತು ನೋಡುವ ಕೆಲಸವೊಂದು ಊರಿನಿಂದ ಹೋಯಿತು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದು ಆ ದಿನದ ದೊಡ್ಡ ಸುಖ. ಬಂಡಿಯ ಹಳಿಯನ್ನು ಗಾಲಿಯ ಮೇಲೆ ನಿಲ್ಲಿಸುವುದು ಅದರದೇ ಮುದುಡು. ಬೈಕಿನ ಟೈರನ್ನು ರಿಮ್ಮಿನಲ್ಲಿ ನಿಲ್ಲಿಸುವುದು ಒಳಗಿನ ಹವಾದ ಹಿಗ್ಗು. ಒಂದಕ್ಕೆ ಬೆಂಕಿ ನೀರು, ಇನ್ನೊಂದಕ್ಕೆ ಸೋಪು ಗಾಳಿ. ಒಂದು ಹೊರಗಿನಿಂದ ಅಪ್ಪುತ್ತದೆ, ಇನ್ನೊಂದು ಒಳಗಿನಿಂದ ಒತ್ತುತ್ತದೆ. ಹಿಡಿತ ಬಂತು ಎಂದು ಎರಡರಲ್ಲೂ ಹೇಳುವುದು ಸದ್ದು.

ಆ ಸದ್ದು ನನ್ನ ಗಾಲಿಯಲ್ಲಿ ಇನ್ನೂ ಬರಬೇಕಿತ್ತು. ಟೈರು ರಿಮ್ಮಿನೊಳಗೆ ಬಿದ್ದಿತ್ತು, ಆದರೆ ಬೀಡು ಇನ್ನೂ ತಗ್ಗಿನಲ್ಲೇ ಇತ್ತು, ಜಗಲಿ ಏರಿರಲಿಲ್ಲ. ಅಂಚಿಗೆಲ್ಲ ಮತ್ತೊಮ್ಮೆ ಸೋಪಿನ ನೀರು ಸವರಿ ಕಾಲ್ಪಂಪು ತುಳಿಯತೊಡಗಿದೆ. ಇಲ್ಲಿ ಸೋಪಿನ ನೀರೇ ಬೇಕು, ಸೀಮೆಎಣ್ಣೆ ಗ್ರೀಸು ಮುಟ್ಟಿಸಬಾರದು, ರಬ್ಬರನ್ನು ತಿನ್ನುತ್ತವೆ. ಟೈರು ಮೆಲ್ಲಗೆ ಮೈ ತುಂಬಿಕೊಂಡಿತು. ಸುಕ್ಕು ಹೋಯಿತು. ಅಂಚಿನ ಸುತ್ತ ಸೋಪಿನ ಗುಳ್ಳೆಗಳು ಎದ್ದವು. ದೊಡ್ಡಪ್ಪ ಎಲೆ ಅಗಿಯುವುದನ್ನು ನಿಲ್ಲಿಸಿದ್ದ. ಗೇಜಿನ ಮುಳ್ಳು ಮೂವತ್ತು ದಾಟಿತು. ಆಗ ಒಂದು ಪಕ್ಕದಲ್ಲಿ ಟಣ್ ಎಂದಿತು. ತುಂಬಿದ ಕೊಡದ ಕಂಠಕ್ಕೆ ಬೆರಳ ಗೆಣ್ಣಿನಿಂದ ತಟ್ಟಿದಾಗ ಬರುವಂಥ, ಚಿಕ್ಕದಾದರೂ ತುಂಬು ಸದ್ದು. ಇನ್ನೆರಡು ತುಳಿತಕ್ಕೆ ಮತ್ತೊಂದು ಪಕ್ಕದಲ್ಲೂ ಟಣ್. ದೊಡ್ಡಪ್ಪ ಕಟ್ಟೆಗೆ ಹೋಗಿ ಕೂತ.

ಬೀಡು ಸರಿ ಕೂತಿದೆಯೋ ಇಲ್ಲವೋ ನೋಡಲು ಟೈರಿನಲ್ಲೇ ಗುರುತಿದೆ. ಅಂಚಿಗೆ ಹತ್ತಿರ ಸುತ್ತಲೂ ಒಂದು ತೆಳು ಗೆರೆ. ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಎಲ್ಲ ಕಡೆಯೂ ಒಂದೇ ಇರಬೇಕು. ಗಾಲಿಯನ್ನು ಅಚ್ಚಿನ ಮೇಲೆ ಹಿಡಿದು ತಿರುಗಿಸಿ ಆ ಗೆರೆಯನ್ನೇ ನೋಡಿದೆ. ಎಲ್ಲೂ ಮೇಲೆ ಕೆಳಗೆ ಆಗದೆ, ನಿಂತ ನೀರಿನ ಅಂಚಿನ ಹಾಗೆ ನೆಟ್ಟಗೆ ತಿರುಗಿತು. ಎಷ್ಟು ಹೊತ್ತು ನೋಡಿದೆನೋ. ಚಾಲುಕ್ಯರ ಗುಡಿಯ ಕಂಬಗಳನ್ನು ತಿರುಗಿಸಿ ಕಡೆದ ಶಿಲ್ಪಿಯೂ ತನ್ನ ಕಂಬ ತಿರುಗುವಾಗ ಇಂಥದೇ ಗೆರೆಯನ್ನು ನೋಡುತ್ತಿದ್ದಿರಬೇಕು. ಆಮೇಲೆ ಸ್ಕ್ರೂಡ್ರೈವರಿನ ತುದಿಯಿಂದ ಮೂವತ್ತಾರು ತಂತಿಗಳನ್ನೂ ಒಂದೊಂದಾಗಿ ತಟ್ಟಿದೆ. ಬಿಗಿ ತಂತಿ ಕಿಣ್ ಎನ್ನುತ್ತದೆ, ಸಡಿಲಾದದ್ದು ತಟ್ ಎನ್ನುತ್ತದೆ. ಎರಡು ಮಂಕಾಗಿ ನುಡಿದವು, ಕಾಲು ಸುತ್ತು ಬಿಗಿ ಮಾಡಿದ ಮೇಲೆ ಉಳಿದವುಗಳ ಜೊತೆ ಕೂಡಿಕೊಂಡವು.

ಗಾಲಿ ಮತ್ತೆ ಗಾಡಿಗೆ ಹೋಯಿತು. ಹಬ್ ರಬ್ಬರಿಗೆ ಸರಿಯಾಗಿ ಹಲ್ಲು ಕೂಡಿಸಿ, ಕಾಲರ್ ಇಟ್ಟು, ಅಚ್ಚು ತೂರಿಸಿದೆ. ಚೈನ್ ಅಡ್ಜಸ್ಟರಿನ ಎರಡೂ ಪಕ್ಕದ ಗೀರುಗಳು ಒಂದೇ ಎಣಿಕೆಗೆ ಬರುವಂತೆ ನೋಡಿ, ಚೈನು ಒಂದಿಂಚು ಆಡುವಷ್ಟು ಬಿಟ್ಟು, ನಟ್ಟು ಬಿಗಿದೆ. ಬ್ರೇಕ್ ರಾಡು ಜೋಡಿಸಿ, ಗಾಲಿ ಕೈಯಲ್ಲಿ ತಿರುಗಿಸಿ, ಬ್ರೇಕ್ ಹಿಡಿದು ಬಿಟ್ಟು ಎರಡೆರಡು ಸಲ ನೋಡಿದೆ. ಮೊದಲ ಸಲ ಮಾಡುವವರು ಇದನ್ನು ಅವಸರದಲ್ಲಿ ಮಾಡಬಾರದು.

ಹೆಚ್ಚಾಗಿದ್ದ ಹವಾ ಇಳಿಸಿ 28 ಪಾಯಿಂಟಿಗೆ ತಂದೆ. ಒಬ್ಬನೇ ಓಡಿಸುವಾಗ ನನ್ನ ಗಾಡಿಯ ಹಿಂದಿನ ಗಾಲಿಗೆ ಕಂಪನಿ ಹೇಳಿದ್ದು ಅಷ್ಟೇ. ಒಂದು ಚದರ ಇಂಚಿಗೆ ಇಪ್ಪತ್ತೆಂಟು ಪೌಂಡು. ಹಿಂದಿನ ಗಾಲಿಯ ಮೇಲೆ ನೂರು ಕೆ.ಜಿ. ಬಿದ್ದರೆ, ನೆಲಕ್ಕೆ ತಾಗುವ ಜಾಗ ಸುಮಾರು ಎಂಟು ಚದರ ಇಂಚು. ಒಂದು ಅಂಗೈಯಷ್ಟು ರಬ್ಬರು. ಇಡೀ ಗಾಡಿ, ಮನುಷ್ಯ, ಮನೆಗೆ ತರುವ ಚೀಲ ಎಲ್ಲ ಓಡುವುದು ಎರಡು ಅಂಗೈಗಳ ಮೇಲೆ. ಅದರಲ್ಲೊಂದನ್ನು ಆ ದಿನ ನಾನು ನನ್ನ ಅಂಗೈಯಿಂದಲೇ ಕೂರಿಸಿದ್ದೆ.

ಸಂಜೆ ಬಿಸಿಲು ಇಳಿದ ಮೇಲೆ ಹೊಳೆಯ ಕಡೆ ಹೊರಟೆ. ಹೊಸ ಟೈರಿನ ಮೈಗೆ ಅಚ್ಚಿನ ನುಣುಪು ಇರುತ್ತದೆ, ಮೊದಲ ನೂರು ಕಿಲೋಮೀಟರು ತಿರುವಿನಲ್ಲಿ ಜೋರು ಮಾಡಬಾರದು. ಮೆಲ್ಲಗೇ ಹೋದೆ. ದೊಡ್ಡಪ್ಪ ಹಿಂದೆ ಕೂತಿದ್ದ. ಅವನು ಕೂತನೆಂದು ಹವಾ ಮತ್ತೆ ಹೆಚ್ಚಿಸಿಕೊಂಡಿದ್ದೆ. ಹೊಸಪೇಟೆಯ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ತುಂಗಭದ್ರೆ ನಮ್ಮ ಕಡೆ ಹೊಳೆಯಾಗಿ ಹರಿಯುವುದಕ್ಕಿಂತ ಹಿನ್ನೀರಾಗಿ ನಿಲ್ಲುವುದೇ ಹೆಚ್ಚು. ಬೇಸಿಗೆಯಾದ್ದರಿಂದ ನೀರು ದೂರ ಸರಿದು, ಬಿರುಕುಬಿಟ್ಟ ಕರಿಮಣ್ಣು ತೆರೆದಿತ್ತು. ದಾರಿಯ ಮೇಲಿನ ನಯವಾದ ಧೂಳಿನಲ್ಲಿ ನಮ್ಮ ಟೈರಿನ ಹೊಸ ಅಚ್ಚು ಮೂಡಿತ್ತು. ಅಂಚು ಮುಕ್ಕಾಗದ, ಆಳವಾದ ಗೀರುಗಳು, ಸೀರೆಯ ಕಂಬಿಯಂತೆ ಉದ್ದಕ್ಕೂ. ದೊಡ್ಡಪ್ಪ ಇಳಿದು ಅದನ್ನು ಬಗ್ಗಿ ನೋಡಿದ. “ಹಳಿ ಬಂಡಿ ಹೋದ್ರ ಎರಡು ಗೆರಿ ಬೀಳ್ತಿದ್ವು” ಎಂದ. ಒಂದು ಗಳಿಗೆ ಬಿಟ್ಟು, “ಚಂದ ಐತಿ ಬಿಡು” ಎಂದ.

ಹಳೆಯ ಟೈರು ಈಗ ಹಿತ್ತಲಲ್ಲಿ ಬಂಡಿಯ ಗಾಲಿಯ ಪಕ್ಕ ಒರಗಿದೆ. ಮರುದಿನ ಬೆಳಿಗ್ಗೆ ಎದ್ದವನೇ ಗೇಜು ಇಟ್ಟು ನೋಡಿದೆ. ಸಂಜೆ ತುಂಬಿದಷ್ಟೇ ಹವಾ ಇತ್ತು.